ಚಿಕ್ಕಮ್ಮ ವ್ಯಾನು ಬಿಚ್ಚಿದ್ದು

ಮೊನ್ನೆ ನನ್ನ ಕಾರಿನ ಎಡಬಾಗಿಲ ಗಾಜು ಕೆಳಗಿಳಿದದ್ದು ಮತ್ತೆ ಮೇಲೇಳಲು ಒಪ್ಪಲಿಲ್ಲ. ಚೆನ್ನೈನ ಬಿಸಿಲಿನಲ್ಲಿ ಗಾಜು ಇಳಿದ ಕಾರೆಂದರೆ ಚಕ್ರವಿರುವ ಒಲೆ. ತಡಮಾಡದೆ ಬೀದಿ ಕೊನೆಯ ಶೆಡ್ಡಿಗೆ ಒಯ್ದೆ. ಮೆಕ್ಯಾನಿಕ್ ಬಾಗಿಲ ಒಳಮೈಯ ಪ್ಲಾಸ್ಟಿಕ್ ಪ್ಯಾನೆಲ್ಲಿನ ಅಂಚಿಗೆ ಬೆರಳು ತೂರಿಸಿ ಎಳೆದ. ಟಪ್ ಎಂದು ಒಂದು ಕ್ಲಿಪ್ ಬಿಟ್ಟುಕೊಂಡಿತು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನನಗೇನಾಯಿತೋ, ಸ್ವಲ್ಪ ಇರಪ್ಪ, ನಿನ್ನ ಹತ್ತಿರ ಮರದ ಸಟ್ಟುಗ ಇದೆಯಾ ಎಂದು ಕೇಳಿಬಿಟ್ಟೆ. ದೋಸೆ ಹುಯ್ಯಬೇಕಾ ಸಾರ್ ಎಂದು ಅವನು ಕೇಳಿದ. ಜೊತೆಗಿದ್ದ ನನ್ನ ಮಗಳು, ಮನೆಯಲ್ಲಿ ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಉತ್ತರ ಕೊಡುವವಳು, ಅವನ ಪಕ್ಷ ವಹಿಸಿ ನಕ್ಕಳು.

ನಗಲಿ. ನೀವೂ ಬೇಕಾದರೆ ನಗಿ. ಆದರೆ ಒಂದು ವಾಹನದ ಒಳಮೈಯನ್ನು ಗೀರು ಬೀಳದಂತೆ ಬಿಚ್ಚುವುದನ್ನು ನಾನು ಸರಿಯಾಗಿ ನೋಡಿದ್ದು ಒಂದೇ ಸಲ. ಬಿಚ್ಚಿದವಳು ನನ್ನ ಸರೋಜ ಚಿಕ್ಕಮ್ಮ. ಅವಳ ಆಯುಧ ನಮ್ಮನೆಯ ದೋಸೆ ಮಗುಚುವ ಸಟ್ಟುಗ. ಅವಳು ಅದಕ್ಕೆ ಮುಂಚೆ ಯಾವ ವಾಹನವನ್ನೂ ಬಿಚ್ಚಿರಲಿಲ್ಲ, ಆಮೇಲೂ ಬಿಚ್ಚಲಿಲ್ಲ.

ನಮ್ಮದು ತಿಪಟೂರಿನ ಕಡೆಯ ಮನೆತನ. ಅಜ್ಜ ಕೊಬ್ಬರಿ ಮೂಟೆಗಳ ಹಿಂದೆ ಮದ್ರಾಸಿಗೆ ಬಂದವನು. ಮೂಟೆಗಳು ಮಾರಿಹೋದವು, ಅಜ್ಜ ಉಳಿದ. ಹಾಗೆ ನಾವು ರಾಯಪುರಂನವರಾದೆವು. ಮನೆಯೊಳಗೆ ತಿಪಟೂರಿನ ಕನ್ನಡ, ಹೊಸಿಲು ದಾಟಿದರೆ ತಮಿಳು, ಹೊಸಿಲ ಮೇಲೆ ನಿಂತು ಮಾತಾಡುವಾಗ ಎರಡೂ ಕಲಸಿದ ಒಂದು ಗೊಜ್ಜು. ಸರೋಜ ಚಿಕ್ಕಮ್ಮ ನಮ್ಮ ಚಿಕ್ಕಪ್ಪನನ್ನು ಮದುವೆಯಾಗಿ ಈ ಮನೆಗೆ ಬಂದಾಗ ಅವಳ ಜೊತೆ ಒಂದು ಹೊಲಿಗೆ ಯಂತ್ರವೂ ಬಂತು. ಬೀದಿಯ ಹೆಂಗಸರು ಅವಳ ಹತ್ತಿರ ರವಿಕೆ ತರತೊಡಗಿದರು. ಹೊಸದು ಹೊಲಿಸಲಿಕ್ಕಲ್ಲ, ಅದಕ್ಕೆ ದೊಡ್ಡ ರಸ್ತೆಯ ಟೈಲರ್ ಇದ್ದ. ಆ ಟೈಲರ್ ಹೊಲಿದದ್ದನ್ನು ಬಿಚ್ಚಿಸಲಿಕ್ಕೆ.

ರೇಷ್ಮೆ ರವಿಕೆಯ ಹೊಲಿಗೆ ಬಿಚ್ಚುವುದನ್ನು ನೀವು ಎಂದಾದರೂ ಪಕ್ಕದಲ್ಲಿ ಕೂತು ನೋಡಿದ್ದೀರಾ? ಕತ್ತರಿ ಇಟ್ಟು ಚರ್ರನೆ ಎಳೆದರೆ ದಾರದ ಜೊತೆ ಬಟ್ಟೆಯ ಎಳೆಯೂ ಬರುತ್ತದೆ, ಸಾಲಾಗಿ ತೂತು ಉಳಿಯುತ್ತದೆ. ಚಿಕ್ಕಮ್ಮ ಹಾಗೆ ಮಾಡುತ್ತಿರಲಿಲ್ಲ. ಮೊದಲು ರವಿಕೆಯನ್ನು ಒಳಹೊರಗು ಮಾಡಿ ತೊಡೆಯ ಮೇಲೆ ಹರಡಿಕೊಂಡು ಸುಮ್ಮನೆ ನೋಡುತ್ತಿದ್ದಳು. ಯಾವ ಹೊಲಿಗೆ ಮೊದಲು ಬಿದ್ದದ್ದು, ಯಾವುದು ಅದರ ಮೇಲೆ ಬಂದದ್ದು, ಟೈಲರ್ ಎಲ್ಲಿ ಕೂತು ಎಲ್ಲಿ ಎದ್ದ ಎಂಬುದನ್ನು ಅವಳು ಅಲ್ಲಿ ಓದುತ್ತಿದ್ದಳು. ಕೊನೆಗೆ ಹೊಲಿದದ್ದನ್ನು ಮೊದಲು ಬಿಚ್ಚಬೇಕು ಎನ್ನುವುದು ಅವಳ ಕಾನೂನು. ಅವಳು ಬಿಚ್ಚಿ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಹಿಂದೆ ಹೊಲಿಗೆ ಇತ್ತೆಂದು ಹೇಳಲು ಆಗುತ್ತಿರಲಿಲ್ಲ. ಇದನ್ನು ನಾನು ಆಗ ದೊಡ್ಡ ವಿದ್ಯೆ ಎಂದೇನೂ ಎಣಿಸಿರಲಿಲ್ಲ. ನನಗೆ ಆಗ ಇಪ್ಪತ್ತರ ಆಚೀಚೆ, ಕೊಬ್ಬರಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದೆ. ನನ್ನದೇ ಒಂದು ಸ್ಕ್ರೂಡ್ರೈವರ್ ಪೆಟ್ಟಿಗೆಯೂ ಇತ್ತು. ಅದರಿಂದ ನಾನು ಬಿಚ್ಚಿದ್ದು ಮನೆಯ ರೇಡಿಯೋ ಒಂದನ್ನೇ. ಅದು ಆಮೇಲೆ ಹಾಡಲಿಲ್ಲ.

ಇನ್ನು ವ್ಯಾನಿನ ವಿಷಯ. ವ್ಯಾನು ನಮ್ಮದಲ್ಲ, ಎದುರು ಸಾಲಿನ ಮೇರಿಯಕ್ಕನದು. ಕಾಸಿಮೇಡಿನ ಹರಾಜಿನಲ್ಲಿ ನಸುಕಿಗೇ ನಿಂತು ಮೀನು ಕೊಂಡು, ಬುಟ್ಟಿ ತಲೆಯ ಮೇಲಿಟ್ಟು ಬೀದಿ ಬೀದಿ ಮಾರಿದವಳು. ಕುತ್ತಿಗೆ ನೋವು ಹೆಚ್ಚಾದ ಮೇಲೆ ಆ ಕೆಲಸ ಬಿಟ್ಟು, ಡ್ರೈವಿಂಗ್ ಕಲಿತು, ಕೂಡಿಟ್ಟದ್ದನ್ನೆಲ್ಲ ಸುರಿದು ಒಂದು ಹಳೆಯ ವ್ಯಾನು ಕೊಂಡಿದ್ದಳು. ಚರ್ಚಿನ ಜನರನ್ನು ವೇಳಾಂಗಣ್ಣಿಗೆ ಕರೆದೊಯ್ಯುವುದು, ಮದುವೆ ಮನೆಗೆ ಬಾಡಿಗೆಗೆ ಹೋಗುವುದು ಅವಳ ಲೆಕ್ಕಾಚಾರ. ವ್ಯಾನಿನ ಹೊರಮೈ ಅಷ್ಟಕ್ಕಷ್ಟೆ. ಒಳಗೆ ಮಾತ್ರ ತಿಳಿಬೂದು ಬಣ್ಣದ ಪ್ಯಾನೆಲ್ಲುಗಳು, ಕಿಟಕಿಯ ಕೆಳಗಿಂದ ಹಿಂಬಾಗಿಲವರೆಗೆ. ಅವನ್ನು ಅವಳು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಆ ವ್ಯಾನಿನೊಳಗೆ ಒಂದೇ ಒಂದು ಮೀನೂ ಕಾಲಿಟ್ಟಿಲ್ಲ ಎಂದು ನಮ್ಮಜ್ಜಿಗೆ ಬಾಗಿಲಲ್ಲಿ ನಿಂತು ಭರವಸೆ ಕೊಟ್ಟಿದ್ದಳು. ಆದರೂ ಅಜ್ಜಿ ಹತ್ತುವಾಗ ಸೀಟಿನ ಮೇಲೆ ತನ್ನ ಟವೆಲ್ ಹಾಸಿಕೊಂಡೇ ಕೂರುತ್ತಿದ್ದಳು. ಮೇರಿಯಕ್ಕ ಅದನ್ನು ಕಂಡೂ ಕಾಣದ ಹಾಗೆ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು.

ಅಜ್ಜಿಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ನಮ್ಮವರಲ್ಲಿ ಹುಟ್ಟಿದ ಮಗುವಿಗೆ ಕಟ್ಟುವ ಲಿಂಗ ಅದು, ಕೊನೆಯವರೆಗೆ ಮೈಮೇಲೇ ಇರಬೇಕು. ಬೆಳಿಗ್ಗೆ ಸ್ನಾನವಾದ ಮೇಲೆ ಅದನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ನೀರು ಮುಟ್ಟಿಸಿ, ವಿಭೂತಿ ಧರಿಸಿ, ಒಂದು ಪತ್ರೆ ಏರಿಸಿ ಪೂಜೆ ಮಾಡದ ಹೊರತು ಅಜ್ಜಿ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಸಕ್ಕರೆ ಕಾಯಿಲೆಯವಳಾದ್ದರಿಂದ ಪೂಜೆ ಮುಗಿದ ತಕ್ಷಣ ಮಾತ್ರೆ, ಮಾತ್ರೆಯಾದ ತಕ್ಷಣ ತಿಂಡಿ. ಈ ಮೂರರ ಸರಪಳಿ ಒಂದು ದಿನವೂ ಸಡಿಲಾದದ್ದನ್ನು ನಾನು ಕಂಡಿರಲಿಲ್ಲ.

ಆವತ್ತು ಭಾನುವಾರ. ಮಣಲಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಮನೆಯ ಮಿಕ್ಕವರಲ್ಲಿ ಕೆಲವರು ಹಿಂದಿನ ದಿನವೇ ಹೋಗಿದ್ದರು, ಕೆಲವರು ಅಂಗಡಿ ಕೆಲಸವಿದೆಯೆಂದು ಹೋಗುವುದೇ ಬೇಡವೆಂದಿದ್ದರು. ಅಜ್ಜಿ, ಚಿಕ್ಕಮ್ಮ, ನಾನು ಮೂವರು ಮೇರಿಯಕ್ಕನ ವ್ಯಾನು ಹತ್ತಿದೆವು. ಮೇರಿಯಕ್ಕ ಚರ್ಚಿನ ಮುಂಜಾನೆಯ ಪೂಜೆ ಮುಗಿಸಿಕೊಂಡು ಬಂದಿದ್ದಳು. ಅಜ್ಜಿ ತನ್ನ ಪೂಜೆಯನ್ನು ಅಲ್ಲಿಗೆ ಹೋಗಿ ಮಾಡಿಕೊಳ್ಳುತ್ತೇನೆ ಎಂದಳು. ಮಣಲಿ ಏನು ಮಹಾ ದೂರ ಎಂದು ನಾವೆಲ್ಲ ಒಪ್ಪಿದೆವು. ಆ ರಸ್ತೆಯಲ್ಲಿ ಹೋಗಿ ಬಂದವರಿಗೆ ಗೊತ್ತು, ಅಲ್ಲಿ ದೂರವನ್ನು ಮೈಲಿಯಲ್ಲಿ ಅಳೆಯುವುದಿಲ್ಲ. ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ಒಂದರ ಬಾಲಕ್ಕೆ ಒಂದು ಮೂತಿ ಹಚ್ಚಿ ನಿಂತರೆ ನಿಂತವೇ. ನಾವು ಅವುಗಳ ನಡುವೆ ಸಿಕ್ಕಿಕೊಂಡೆವು.

ಬಿಸಿಲು ಏರಿತು. ಚಿಕ್ಕಮ್ಮ ಅತ್ತೆಯ ಮುಖ ನೋಡಿ, ಇವತ್ತೊಂದು ದಿನ ಎರಡು ಬಿಸ್ಕತ್ತು ತಿನ್ನಿ ಎಂದು ಹೇಳಿ ಬೈಸಿಕೊಂಡಳು. ವ್ಯಾನು ಹೇಗೂ ಕಲ್ಲಿನಂತೆ ನಿಂತಿದೆ, ಇಲ್ಲೇ ಪೂಜೆ ಮುಗಿಸಿಬಿಡುತ್ತೇನೆ ಎಂದು ಅಜ್ಜಿ ತೀರ್ಮಾನಿಸಿದಳು. ಚೀಲದಲ್ಲಿ ವಿಭೂತಿ ಇತ್ತು, ತಂಬಿಗೆಯಲ್ಲಿ ನೀರಿತ್ತು. ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದಳು. ಮೇರಿಯಕ್ಕನಿಗೆ ಹಿಂದೆ ಏನು ನಡೆಯುತ್ತಿದೆ ಎಂಬುದು ಗೊತ್ತಿರಲಿಲ್ಲ. ಮುಂದಿನ ಲಾರಿ ಅಲುಗಿತು, ಸಂದು ತಪ್ಪೀತೆಂದು ಅವಳು ವ್ಯಾನನ್ನು ಒಮ್ಮೆ ಮುಂದಕ್ಕೆ ಎಗರಿಸಿ ಬ್ರೇಕ್ ಹಾಕಿದಳು. ನೀರು ಮುಟ್ಟಿಸಿದ ಲಿಂಗ ಅಜ್ಜಿಯ ಅಂಗೈಯಿಂದ ಜಾರಿತು. ಕಿಟಕಿಯ ಕೆಳಗೆ, ಸೀಟ್ ಬೆಲ್ಟ್ ಹೊರಬರುವ ಸೀಳಿನ ಸುತ್ತಿನ ಮುಚ್ಚಳ ಹಿಂದೆಂದೋ ಕಳಚಿಹೋಗಿ ಅಲ್ಲೊಂದು ಬಾಯಿ ತೆರೆದುಕೊಂಡಿತ್ತು. ನೆಲ್ಲಿಕಾಯಿ ಗಾತ್ರದ ಆ ಲಿಂಗ ಹೋಗಿ ಸರಿಯಾಗಿ ಅದರೊಳಗೆ ಬಿತ್ತು. ಒಳಗೆ ತಗಡಿನ ಮೇಲೆ ಉರುಳಿ ಹೋದ ಸದ್ದನ್ನು ನಾವು ಮೂವರೂ ಕೇಳಿದೆವು.

ಅಜ್ಜಿ ಖಾಲಿ ಅಂಗೈಯನ್ನು ಹಾಗೇ ಚಾಚಿಕೊಂಡು ಕೂತಳು. ಲಿಂಗ ಕೈತಪ್ಪಿದರೆ ಸಿಗುವವರೆಗೆ ಒಂದು ಹನಿ ನೀರೂ ಇಳಿಸುವಂತಿಲ್ಲ ಎನ್ನುವುದು ಅವಳ ನಡೆ, ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಹೇಗೋ ಸಂದು ಸಿಕ್ಕಿದ ಕಡೆ ವ್ಯಾನು ತಿರುಗಿಸಿ ಮನೆಗೆ ಬಂದೆವು. ಮೇರಿಯಕ್ಕ ದಾರಿಯುದ್ದಕ್ಕೂ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ನಮ್ಮ ಮನೆಯ ಮುಂದೆ ಒಂದು ಬಾದಾಮಿ ಮರವಿತ್ತು. ಅದರ ನೆರಳಿನಲ್ಲಿ ವ್ಯಾನು ನಿಂತಿತು. ಭಾನುವಾರವಾದ್ದರಿಂದ ಶೆಡ್ಡುಗಳೆಲ್ಲ ಮುಚ್ಚಿದ್ದವು. ಮಠದ ಸ್ವಾಮಿಗಳನ್ನು ಕೇಳಿ ಹೊಸ ಲಿಂಗ ಕಟ್ಟಿಸಬಹುದಲ್ಲ ಎಂದು ನಾನು ಬುದ್ಧಿ ಹೇಳಹೋದೆ. ಹುಟ್ಟಿದ ದಿನ ಕಟ್ಟಿದ್ದು ಕಣೋ ಎಂದಷ್ಟೇ ಹೇಳಿ ಅಜ್ಜಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ಅವಳ ಹಣೆಯಲ್ಲಿ ಬೆವರು ಬೇರೆ ತರಹ ಕಾಣುತ್ತಿತ್ತು. ಮೇರಿಯಕ್ಕ ನನ್ನ ಕೈಗೆ ತನ್ನ ಜಾಕಿಯ ಕಬ್ಬಿಣದ ಸಲಾಕೆ ತಂದು ಕೊಟ್ಟು, ಹೊಡೆದು ಕಿತ್ತುಬಿಡು ತಂಬಿ, ಪ್ಲಾಸ್ಟಿಕ್ ಹೋದರೆ ಹೋಗಲಿ, ಆಯಾ ನೀರು ಕುಡಿಯಲಿ ಎಂದಳು. ರಾಯಪುರಂ ಕಡೆ ಅಜ್ಜಿಯನ್ನು ಆಯಾ, ತಮ್ಮನನ್ನು ತಂಬಿ ಎನ್ನುತ್ತಾರೆ. ನಾನು ಸಲಾಕೆ ಹಿಡಿದು ಒಳಗೆ ಹತ್ತಿಯೂ ಬಿಟ್ಟೆ. ಅಷ್ಟರಲ್ಲಿ ಕುರ್ಚಿಯಿಂದ ಅಜ್ಜಿಯ ಮಾತು ಬಂತು.

"ಸರೋಜಾ, ಆ ವ್ಯಾನು ಅವಳ ಅನ್ನ ಕಣೇ. ಅದ್ರಲ್ಲಿ ಒಂದು ಚೂರು ಮುರುದ್ರೂ ನಾನು ಲಿಂಗ ಮುಟ್ಟಲ್ಲ, ನೀರೂ ಮುಟ್ಟಲ್ಲ. ಹೇಳಿದೀನಿ."

ಯೋಚಿಸಿ. ವ್ಯಾನಿನ ಒಡತಿ ಒಡೆಯಿರಿ ಎನ್ನುತ್ತಾಳೆ, ಹಸಿದು ಕೂತವಳು ಒಡೆಯಬೇಡಿ ಎನ್ನುತ್ತಾಳೆ. ನಡುವೆ ಸಲಾಕೆ ಹಿಡಿದು ನಾನು. ಚಿಕ್ಕಮ್ಮ ಆ ಸಲಾಕೆಯನ್ನು ನನ್ನ ಕೈಯಿಂದ ತೆಗೆದು ಮರದ ಬುಡದಲ್ಲಿ ಇಟ್ಟಳು. ಆಮೇಲೆ ವ್ಯಾನಿನೊಳಗೆ ಹೋಗಿ ಸೀಟಿನ ಅಂಚಿನಲ್ಲಿ ಕೂತು ಪ್ಯಾನೆಲ್ಲನ್ನು ನೋಡತೊಡಗಿದಳು. ಹೊರಗೆ ಹೊತ್ತು ಏರುತ್ತಿದ್ದರೆ ಇವಳು ಹೀಗೆ ಕೂತಿದ್ದಾಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅವಳು ಅಂಗೈಯನ್ನು ಅಂಚಿನ ಗುಂಟ ಸವರುತ್ತ ಹೋಗಿ, ಯಾವುದು ಯಾವುದರ ಮೇಲೆ ಕೂತಿದೆ ಎಂದು ನೋಡುತ್ತಿದ್ದಳು. ಹಿಂದಿನ ಪ್ಯಾನೆಲ್ಲಿನ ಅಂಚು ಮುಂದಿನದರ ಅಡಿಗೆ ಹೋಗಿತ್ತು, ಮುಂದಿನದರ ಅಂಚಿನ ಮೇಲೆ ಬಾಗಿಲಿನ ರಬ್ಬರ್ ಪಟ್ಟಿ ಕಚ್ಚಿಕೊಂಡಿತ್ತು.

"ಕೊನೇಲಿ ಹಾಕಿದ್ದು ರಬ್ಬರು," ಎಂದಳು, ನನಗಲ್ಲ, ತನಗೇ.

ಒಳಗಿನಿಂದ ಮೂರು ವಸ್ತು ತರಲು ನನ್ನನ್ನು ಓಡಿಸಿದಳು. ಮರದ ಸಟ್ಟುಗ, ಒಂದು ಹಳೆಯ ಮೆತ್ತನೆಯ ಪಂಚೆ, ಇಡ್ಲಿ ತಟ್ಟೆ. ಸ್ಕ್ರೂಡ್ರೈವರ್ ಪೆಟ್ಟಿಗೆಯನ್ನು ನಾನೇ ಅಭಿಮಾನದಿಂದ ಸೇರಿಸಿ ತಂದೆ. ಅದರಿಂದ ಅವಳು ಒಂದೇ ಒಂದನ್ನು ಆರಿಸಿಕೊಂಡಳು, ಸ್ಕ್ರೂಗಳಿಗೆ ಮಾತ್ರ. ಮೊದಲು ರಬ್ಬರ್ ಪಟ್ಟಿಯನ್ನು ಸೀರೆಯ ಫಾಲ್ ಬಿಡಿಸುವ ಹಾಗೆ ಮೆಲ್ಲಗೆ ಬಿಡಿಸಿದಳು. ಸ್ಕ್ರೂಗಳು ಕಣ್ಣಿಗೆ ಕಾಣುತ್ತಿರಲಿಲ್ಲ. ಅಲ್ಲಲ್ಲಿ ಗುಂಡಿಯ ಹಾಗಿದ್ದ ಪುಟ್ಟ ಮುಚ್ಚಳಗಳನ್ನು ಉಗುರಿನಿಂದ ಎಬ್ಬಿಸಿದರೆ ಅವುಗಳ ಕೆಳಗಿದ್ದವು. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದರ ಮುಚ್ಚಳದ ಜೊತೆಗೆ ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ವರಸೆಯಾಗಿ ಇಟ್ಟಳು.

ಕ್ಲಿಪ್ಪುಗಳ ಸರದಿ ಬಂದಾಗ ನಾನು ಪ್ಯಾನೆಲ್ಲಿನ ನಡುವೆ ಹಿಡಿದು ಜಗ್ಗಲು ಹೋಗಿ ಕೈಮೇಲೆ ಏಟು ತಿಂದೆ. ಸಟ್ಟುಗದ ತುದಿಗೆ ಪಂಚೆ ಸುತ್ತಿ ಅವಳು ಕೆಳಗಿನ ಮೂಲೆಯಲ್ಲಿ ತೂರಿಸಿದಳು. ಎತ್ತಲಿಲ್ಲ, ಸುಮ್ಮನೆ ಸರಿಸುತ್ತ ಹೋದಳು. ಸಟ್ಟುಗ ಎಲ್ಲಿ ತಡೆಯಿತೋ ಅಲ್ಲಿ ಕ್ಲಿಪ್ ಇದೆ ಎಂದು ಲೆಕ್ಕ. ಆ ತಡೆಯ ಪಕ್ಕಕ್ಕೇ ಬೆರಳು ಕೊಟ್ಟು, ಇನ್ನೊಂದು ಕೈಯಿಂದ ಪ್ಯಾನೆಲ್ಲನ್ನು ಮಗುವಿನ ಬೆನ್ನಿಗೆ ಕೈ ಕೊಟ್ಟ ಹಾಗೆ ಆನಿಸಿಕೊಂಡು, ನೇರವಾಗಿ ತನ್ನ ಕಡೆಗೆ ಒಂದು ಸಣ್ಣ ಸೆಳೆತ. ಟಪ್. ಮತ್ತೆ ಸರಿಸುವುದು, ಮತ್ತೆ ತಡೆ, ಮತ್ತೆ ಟಪ್. ಒಂದು ಕಡೆ ಬಿಟ್ಟಿತೆಂದು ಅದೇ ಕಡೆ ಎಳೆದರೆ ಉಳಿದ ಕಡೆ ಮುರಿಯುತ್ತದೆ ಎಂದು ಹೇಳುತ್ತಿದ್ದಳು. ಅವಳ ಮೂಗಿನ ತುದಿಯಿಂದ ಬೆವರು ಇಳಿಯುತ್ತಿತ್ತು, ಕೈಗೆ ಮಾತ್ರ ಆತುರವೇ ಗೊತ್ತಿರಲಿಲ್ಲ. ನಾನು ಆ ಕೈಗಳನ್ನು ನೋಡುತ್ತ ಅಜ್ಜಿಯನ್ನು ಒಂದು ಗಳಿಗೆ ಮರೆತೆ. ಅಷ್ಟು ಚೆಂದವಾಗಿತ್ತು ಆ ಕೆಲಸ.

ಮೊದಲ ಪ್ಯಾನೆಲ್ ಇಡಿಯಾಗಿ ಬಂತು. ಅದನ್ನು ಚಾಪೆಯ ಮೇಲೆ ಮಲಗಿಸಿದೆವು. ಒಳಗೆ ತಗಡು, ಧೂಳು, ಯಾರದೋ ಹಳೆಯ ಬಾಚಣಿಗೆ. ಲಿಂಗವಿಲ್ಲ. ನಾನು ಟಾರ್ಚ್ ಹಿಡಿದು ನೋಡಿದರೆ ಅದು ಕೆಳಗಿನ ಕಾಲುವೆಯಂಥ ಸಂದಿನಲ್ಲಿ ಉರುಳಿಕೊಂಡು ಹಿಂದಿನ ಪ್ಯಾನೆಲ್ಲಿನ ಹಿಂದೆ ಹೋಗಿ ಕೂತಿತ್ತು. ಕರಿಯ ಬಣ್ಣ ಮಿಣುಗುತ್ತಿತ್ತು. ಹಿಂದಿನ ಪ್ಯಾನೆಲ್ಲನ್ನು ಪೂರಾ ತೆಗೆಯಬೇಕಾದರೆ ಸೀಟು ಬಿಚ್ಚಬೇಕು, ಸೀಟಿನ ಬೋಲ್ಟು ತುಕ್ಕು ಹಿಡಿದು ಕಲ್ಲಾಗಿತ್ತು. ಹೊರಗೆ ಅಜ್ಜಿಯ ತಲೆ ಎದೆಯ ಮೇಲೆ ವಾಲಿತ್ತು. ಕರೆದರೆ ಹೂಂ ಎನ್ನುವುದು ತಡವಾಗುತ್ತಿತ್ತು. ನನಗೆ ನಿಜವಾಗಿ ಭಯವಾಯಿತು. ಒಡೆಯೋಣ ಚಿಕ್ಕಮ್ಮ, ಅಜ್ಜಿಗೆ ಸುಳ್ಳು ಹೇಳೋಣ ಎಂದೆ. ಚಿಕ್ಕಮ್ಮ ಹಿಂದಿನ ಪ್ಯಾನೆಲ್ಲಿನತ್ತ ಸರಿದಳು. ಆ ಪ್ಯಾನೆಲ್ಲಿನ ಕೆಳ ಅಂಚಿನ ಕ್ಲಿಪ್ಪುಗಳನ್ನು ಬಿಡಿಸಿ, ಮೇಲಿನದನ್ನು ಹಾಗೇ ಬಿಟ್ಟು, ಎರಡೂ ಕೈಯಲ್ಲಿ ಅದನ್ನು ಸ್ವಲ್ಪ ಎತ್ತಿ ಹಿಡಿದಳು. ನನ್ನ ದಪ್ಪ ಕೈ ಆ ಸಂದಿನಲ್ಲಿ ಮಣಿಕಟ್ಟಿನವರೆಗೂ ಹೋಗಲಿಲ್ಲ. ಚಿಕ್ಕಮ್ಮ ಕೈಬಿಟ್ಟರೆ ಪ್ಯಾನೆಲ್ ಉಳಿಯುವುದಿಲ್ಲ. ಮೇರಿಯಕ್ಕನ ಕೈ ತೆಳ್ಳಗೆ ಉದ್ದ. ಅವಳು ಹೊರಗೆ ನಿಂತು ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಅಷ್ಟು ವರ್ಷ ಮೀನು ಹಿಡಿದ ಕೈ ಎಂದು ಅವಳೇ ಹಿಂದೆಗೆದಿದ್ದಳು. ಅಜ್ಜಿ ತಲೆ ಎತ್ತಿ, ನೀನೇ ತೆಗಿ ಮೇರಿ ಎಂದಳು.

ಮೇರಿಯಕ್ಕ ತಂಬಿಗೆಯ ನೀರಿನಲ್ಲಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ನೆಲದ ಮೇಲೆ ಮಲಗಿ ಭುಜದವರೆಗೆ ಕೈ ತೂರಿಸಿದಳು. ಇನ್ನೂ ಸ್ವಲ್ಪ ಎತ್ತು ಎಂದಳು, ಚಿಕ್ಕಮ್ಮ ಎತ್ತಿದಳು. ಒಂದು ಟಪ್ ಕೇಳಿಸಿತು. ಇನ್ನೊಂದು ಕ್ಲಿಪ್ ಬಿಟ್ಟುಕೊಂಡಿತು ಎಂದುಕೊಂಡೆ. ಮೇರಿಯಕ್ಕ ಮೆಲ್ಲಗೆ ಕೈ ಹೊರತೆಗೆದಳು. ಅಂಗೈಯಲ್ಲಿ ಲಿಂಗವಿತ್ತು.

ಅಜ್ಜಿ ಅದನ್ನು ತಕ್ಷಣ ಮುಟ್ಟಲಿಲ್ಲ. ಮೇರಿಯಕ್ಕನ ಮುಖ ನೋಡಿ, ಏನಾದರೂ ಮುರಿಯಿತಾ ಎಂದು ಕೇಳಿದಳು.

"ಒಣ್ಣುಂ ಉಡಯಲೆ, ಆಯಾ," ಎಂದಳು ಮೇರಿಯಕ್ಕ. ಏನೂ ಮುರಿಯಲಿಲ್ಲ ಅಜ್ಜಿ.

ಆಗ ಅಜ್ಜಿ ಕೈ ಚಾಚಿದಳು. ಬಾವಿಕಟ್ಟೆಯ ಹತ್ತಿರ ಲಿಂಗ ತೊಳೆದು, ಅಲ್ಲೇ ನೆಲದಲ್ಲಿ ಕೂತು ಪೂಜೆ ಮುಗಿಸಿ, ಮಾತ್ರೆ ನುಂಗಿ, ಚಿಕ್ಕಮ್ಮ ಕಲಸಿಕೊಟ್ಟ ಮೊಸರವಲಕ್ಕಿ ತಿಂದಳು. ಅವಳ ಮುಖಕ್ಕೆ ಬಣ್ಣ ಮರಳುವುದನ್ನು ಮೇರಿಯಕ್ಕ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಪ್ಯಾನೆಲ್ಲುಗಳನ್ನು ಮತ್ತೆ ಕೂರಿಸುವಾಗ ನನಗೆ ಇಡ್ಲಿ ತಟ್ಟೆ ಹಿಡಿಯುವ ಕೆಲಸ ಸಿಕ್ಕಿತು.

ಆಮೇಲೆ ಇದು ನಮ್ಮ ಮನೆಯ ಕಥೆಯಾಯಿತು. ಮದುವೆ ಮುಂಜಿಗೆ ನೆಂಟರು ಸೇರಿದಾಗಲೆಲ್ಲ, ಸರೋಜ ಚಿಕ್ಕಮ್ಮ ಒಂದು ಕ್ಲಿಪ್ಪೂ ಮುರಿಯದೆ ವ್ಯಾನು ಬಿಚ್ಚಿದಳು ಎಂದು ನಾನು ಹೇಳುವುದು, ಚಿಕ್ಕಮ್ಮ ಒಳಕ್ಕೆ ಎದ್ದು ಹೋಗುವುದು. ವಿನಯ ಎಂದು ನಾವು ಅರ್ಥ ಮಾಡಿಕೊಂಡಿದ್ದೆವು. ಅಜ್ಜಿ ಲಿಂಗೈಕ್ಯಳಾಗಿ ಎಷ್ಟೋ ವರ್ಷವಾಯಿತು. ನಮ್ಮವರ ಪದ್ಧತಿಯಂತೆ ಆ ಲಿಂಗವನ್ನು ಅಂಗೈಯಲ್ಲಿಟ್ಟೇ ಅವಳನ್ನು ಮಣ್ಣಿಗೆ ಒಪ್ಪಿಸಿದೆವು.

ಮೊನ್ನೆ ಶೆಡ್ಡಿನಿಂದ ಬಂದವನೇ ಚಿಕ್ಕಮ್ಮನಿಗೆ ಫೋನ್ ಮಾಡಿ ಸಟ್ಟುಗ ಕೇಳಿ ನಗೆಪಾಟಲಾದದ್ದನ್ನು ಹೇಳಿದೆ. ಅವಳು ನಕ್ಕಳು, ಆಮೇಲೆ ಹೇಳಿದಳು.

"ಒಂದು ಮುರೀತು ಕಣೋ ಆವತ್ತು. ಮೇರಿ ಕೈ ಹಾಕಿದ್ಲಲ್ಲ, ಆಗ. ಪ್ಯಾನೆಲ್ಲಿನ ಹಿಂಬದೀಲಿ ಮೇಲಿನ ಕ್ಲಿಪ್ ಕೂರೋ ಕಾಲೇ ಮುರುದ್ಹೋಯ್ತು. ಲಿಂಗದ ಜೊತೆ ಆ ಚೂರನ್ನೂ ಎತ್ಕೊಂಡು ಸೆರಗಿನ ತುದೀಲಿ ಕಟ್ಕೊಂಡ್ಲು. ನನ್ನ ಒಂದು ಸಲ ನೋಡಿದ್ಲು ಅಷ್ಟೆ. ಅವತ್ತಿಂದ ಇವತ್ತಿನವರೆಗೂ ಅದರ ಮಾತು ಎತ್ತಿಲ್ಲ."

ನಾನು ಎಷ್ಟು ಸಲ ಆ ವ್ಯಾನಿನಲ್ಲಿ ಕೂತಿದ್ದೇನೆ. ಹಿಂದಿನ ಸೀಟಿನ ಪಕ್ಕ, ಆ ಪ್ಯಾನೆಲ್ಲಿನ ಮೇಲಂಚಿನಲ್ಲಿ ಒಂದು ನೀಲಿ ಬಟ್ಟೆಯ ಮಡಿಕೆ ಸಿಕ್ಕಿಸಿರುತ್ತಿತ್ತು. ಗಾಜು ಒರೆಸಲಿಕ್ಕೆ ಎಂದು ನಾನು ತಿಳಿದಿದ್ದೆ. ಕಾಲು ಮುರಿದ ಪ್ಯಾನೆಲ್ ಗಡಗಡ ಎನ್ನದಿರಲಿ ಎಂದು ಮೇರಿಯಕ್ಕ ತುರುಕಿದ್ದು. ವ್ಯಾನು ಮಾರುವವರೆಗೂ ಹಾಗೇ ಓಡಿಸಿದಳು. ಚಿಕ್ಕಮ್ಮನ ಕೈಗೆ ನಾನು ಇಷ್ಟು ವರ್ಷ ಕೈಮುಗಿದದ್ದು ಸರಿಯೇ, ಈಗಲೂ ಮುಗಿಯುತ್ತೇನೆ. ಆದರೆ ಹಸಿದವಳಿಗೆ ತಿನ್ನಿಸಲು ತನ್ನ ಅನ್ನದ ಬಂಡಿಯ ಮುರಿದ ಚೂರನ್ನೇ ಸೆರಗಿನಲ್ಲಿ ಗಂಟುಹಾಕಿದ ಆ ಇನ್ನೊಂದು ಕೈಯನ್ನು ನಾನು ನೋಡಿಯೇ ಇರಲಿಲ್ಲ.

ನಿನ್ನೆ ಮಧ್ಯಾಹ್ನ ಮೇರಿಯಕ್ಕನ ಮನೆಗೆ ಹೋಗಿದ್ದೆ. ಮಗನ ಜೊತೆ ಕಾಸಿಮೇಡಿನ ಹತ್ತಿರ ಇದ್ದಾಳೆ. ಮಂಡಿ ಹಿಡಿದುಕೊಂಡಿದೆ, ಮಂಚದಿಂದ ಏಳುವುದು ಕಷ್ಟ. ಟೀ ತರಿಸಿದಳು, ನನ್ನ ಮಗಳ ಓದು ಕೇಳಿದಳು. ಟೀ ಕುಡಿದು ಲೋಟ ಕೆಳಗಿಟ್ಟು, ಅಕ್ಕಾ, ಆವತ್ತು ವ್ಯಾನಿನಲ್ಲಿ ಒಂದು ಮುರಿಯಿತಂತಲ್ಲ ಎಂದು ಕೇಳಿದೆ.

"ಒಣ್ಣುಂ ಉಡಯಲೆ, ತಂಬಿ," ಎಂದಳು. ಆಮೇಲೆ ಮೆಲ್ಲಗೆ, "ಆಯಾ ಸಾಪ್ಟಾಂಗಲ್ಲ?"

ಆವತ್ತು ಅಜ್ಜಿ ಊಟ ಮಾಡಿದರಲ್ಲ ಎಂದು ಅವಳು ಕೇಳುತ್ತಿದ್ದಳು. ಮಾಡಿದರು ಅಕ್ಕಾ ಎಂದೆ.